ಅಮೃತಮತಿಯೂ ನಮ್ಮ ಮನೆಯ ಒಂದು ನೋಟುಬುಕ್ಕೂ

ಹೋದ ಶ್ರಾವಣದಲ್ಲಿ ನನ್ನ ಅಕ್ಕ ಊರಿನಿಂದ ಬಂದಿದ್ದಳು. ಬಂದವಳು ಕಾಫಿಯನ್ನು ಕೂಡ ಮುಟ್ಟದೆ, ಚೀಲದೊಳಗಿನಿಂದ ದಪ್ಪನೆಯ ಒಂದು ನೋಟುಬುಕ್ಕನ್ನು ತೆಗೆದು ನನ್ನ ಮುಂದಿಟ್ಟಳು. "ಇದನ್ನು ನೀನೇ ಓದಪ್ಪ. ಓದಿ, ನಿನ್ನ ಸೋದರಸೊಸೆಗೆ ನಾಲ್ಕು ಮಾತು ಬುದ್ಧಿ ಹೇಳು. ನಾನು ಹೇಳಿದರೆ ಅವಳ ಕಿವಿಗೆ ಬೀಳುವುದಿಲ್ಲ" ಎಂದಳು. ಅಕ್ಕನ ಹಿಂದೆ ನಿಂತಿದ್ದ ಹುಡುಗಿ ಗೋಡೆಯ ಮೇಲಿನ ಪಂಚಾಂಗದ ಹಾಳೆಯನ್ನು, ಅದರಲ್ಲಿ ಬಹಳ ಓದತಕ್ಕದ್ದಿದೆ ಎಂಬಂತೆ ನೋಡುತ್ತಿದ್ದಳು. ಹಿಂದಿನ ದಿನ ಆ ನೋಟುಬುಕ್ಕನ್ನು ಒಲೆಗೆ ಹಾಕುತ್ತೇನೆಂದು ತಾಯಿ ಹೇಳಿದ್ದಳೆಂದೂ, ಮಗಳು ರಾತ್ರಿ ಊಟ ಮಾಡಲಿಲ್ಲವೆಂದೂ ಆಮೇಲೆ ತಿಳಿಯಿತು.

ಹುಡುಗಿ ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ ಓದುತ್ತಾಳೆ. ನೋಟುಬುಕ್ಕಿನ ತುಂಬ ನೀಲಿ ಶಾಯಿಯಲ್ಲಿ ಒತ್ತೊತ್ತಾಗಿ ಬರೆದ ಕನ್ನಡ. ಪಾಠದ ಟಿಪ್ಪಣಿಯಲ್ಲ, ಕಥೆ. ಆದರೆ ಕಥೆಯೊಳಗಿನ ಹೆಸರುಗಳು ನಮ್ಮ ಕಡೆಯವಲ್ಲ. ರೌಲಿಂಗ್ ಎಂಬ ಇಂಗ್ಲಿಷ್ ಲೇಖಕಿ ಬರೆದು, 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಹೊರಬಂದ ಹ್ಯಾರಿ ಪಾಟರ್ ಕಾದಂಬರಿಗಳನ್ನು ವಾಚಕರಲ್ಲಿ ಹಲವರು ಬಲ್ಲರು. ತಾವು ಓದದಿದ್ದರೂ ಮಕ್ಕಳ ಕೈಯಲ್ಲಿ ಕಂಡಿರುತ್ತಾರೆ. ಮಾಂತ್ರಿಕ ವಿದ್ಯೆಯನ್ನು ಕಲಿಸುವ ಒಂದು ಪಾಠಶಾಲೆ, ಅಲ್ಲಿಯ ವಿದ್ಯಾರ್ಥಿಗಳು, ಅವರ ಮೇಲೆ ಕವಿದುಬರುವ ಒಂದು ದೊಡ್ಡ ಕೇಡು, ಇಷ್ಟು ಅದರ ವಸ್ತು. ಅದರಲ್ಲಿ ಹರ್ಮಯೊನಿ ಎಂಬ ಹುಡುಗಿಯಿದ್ದಾಳೆ. ಅವಳ ತಂದೆತಾಯಿಗಳು ಹಲ್ಲಿನ ವೈದ್ಯರು, ಮಂತ್ರತಂತ್ರಗಳನ್ನರಿಯದ ಸಾಮಾನ್ಯ ಜನ. ಡ್ರೇಕೊ ಎಂಬ ಹುಡುಗನಿದ್ದಾನೆ. ಅವನದು ತಲೆತಲಾಂತರದಿಂದ ಮಾಂತ್ರಿಕರ ವಂಶ. ಹೊರಗಿನ ರಕ್ತ ಬೆರೆಯದ ಕುಲವೆಂದು ಆ ಮನೆಯವರಿಗೆ ಹೆಮ್ಮೆ. ಎರಡನೆಯ ಸಂಪುಟದಲ್ಲಿ ಅವನು ಅವಳನ್ನು, ಕೆಸರು ರಕ್ತದವಳು ಎಂಬ ಅರ್ಥ ಬರುವ ಮಾತಿನಿಂದ ಎಲ್ಲರೆದುರಿಗೆ ಹಳಿಯುತ್ತಾನೆ. ಮೂಲ ಲೇಖಕಿ ಇವರಿಬ್ಬರನ್ನೂ ಕಡೆಯವರೆಗೆ ಬೇರೆಬೇರೆ ಪಕ್ಷದಲ್ಲಿಯೇ ಇರಿಸಿ, ಹರ್ಮಯೊನಿಯನ್ನು ರಾನ್ ಎಂಬ ಗೆಳೆಯನಿಗೆ ಕೊಟ್ಟು ಮದುವೆ ಮಾಡಿದ್ದಾಳೆ.

ನಮ್ಮ ಹುಡುಗಿಗೆ ಈ ಮದುವೆ ಒಪ್ಪಿಗೆಯಾಗಿಲ್ಲ. ಅವಳ ನೋಟುಬುಕ್ಕಿನಲ್ಲಿ ಡ್ರೇಕೊ ಮತ್ತು ಹರ್ಮಯೊನಿ ಒಬ್ಬರನ್ನೊಬ್ಬರು ಒಲಿದಿದ್ದಾರೆ. ಅವನ ಮನೆಯವರಿಗೆ ತಿಳಿದರೆ ಅವನಿಗೆ ಕುಲಭ್ರಷ್ಟತೆ. ಅವಳ ಗೆಳೆಯರಿಗೆ ತಿಳಿದರೆ ಅವಳಿಗೆ ದ್ರೋಹಿಯೆಂಬ ಹೆಸರು. ಪುಸ್ತಕಭಂಡಾರದ ಹಿಂಬದಿಯಲ್ಲಿ ಕದ್ದು ಮಾತಾಡುತ್ತಾರೆ. ಇಂತಹ ಬರವಣಿಗೆಗೆ ಫ್ಯಾನ್ ಫಿಕ್ಷನ್ ಎಂದು ಹೆಸರು. ಒಂದು ಕೃತಿಯನ್ನು ಮೆಚ್ಚಿದವರು ಅದರ ಪಾತ್ರಗಳನ್ನೇ ಎತ್ತಿಕೊಂಡು ತಾವು ಕಟ್ಟುವ ಕಥೆ. ಅಮೆರಿಕದಲ್ಲಿ ಸ್ಟಾರ್ ಟ್ರೆಕ್ ಎಂಬ ಟೆಲಿವಿಷನ್ ಕಥಾಮಾಲೆಯನ್ನು ಮೆಚ್ಚಿದವರು 1967ರಲ್ಲಿಯೇ ಇದಕ್ಕಾಗಿ ಸಣ್ಣ ಪತ್ರಿಕೆಯನ್ನು ತಾವೇ ಹೊರಡಿಸಿದ್ದರು. ಈಗ ಲೋಕದ ಎಲ್ಲ ಕಡೆಗಳಲ್ಲಿಯೂ ಬರೆಯುತ್ತಾರೆ. ಅದರಲ್ಲಿಯೂ ಕೂಡಬಾರದವರನ್ನು ಕೂಡಿಸುವ ಕಥೆಗಳೇ ಹೇರಳ. ಡ್ರೇಕೊ ಹರ್ಮಯೊನಿಯರ ಜೋಡಿಯಂತೂ ಬಹಳ ಜನರ ಲೇಖನಿಗೆ ಸಿಕ್ಕಿದೆ ಎಂದು ಹುಡುಗಿಯೇ ಹೇಳಿದಳು.

ರಾತ್ರಿ ಅಡಿಗೆಮನೆಯಲ್ಲಿ ಅಕ್ಕ ದನಿ ತಗ್ಗಿಸಿ, "ಕಥೆ ಅಂತ ನೀನು ಸುಮ್ಮನಾಗಬೇಡ. ಬೇರೆ ಕುಲ, ಮನೆಯವರಿಗೆ ತಿಳಿಯದ ಹಾಗೆ ಭೇಟಿ, ಇವೆಲ್ಲ ಸುಮ್ಮನೆ ಹುಟ್ಟುತ್ತವೆಯೆ? ಯಾರಾದರೂ ಇದ್ದಾನೋ ಏನೋ, ಮೆಲ್ಲಗೆ ಕೇಳು" ಎಂದಳು. ಆಗ ನನಗೆ ವಿಷಯ ಅರ್ಥವಾಯಿತು. ಅಕ್ಕನ ಭಯ ಇಂಗ್ಲೆಂಡಿನ ಮಾಂತ್ರಿಕರದಲ್ಲ. ಮಗಳು ಬರೆದುದನ್ನು ಅವಳು ಕಥೆಯೆಂದು ಓದಿರಲಿಲ್ಲ, ತಪ್ಪೊಪ್ಪಿಗೆಯ ಕಾಗದವೆಂದು ಓದಿದ್ದಳು. ಎರಡು ದಿನ ಅವಕಾಶ ಕೊಡು, ಓದಿ ಹೇಳುತ್ತೇನೆ ಎಂದೆ.

ಓದುತ್ತಿದ್ದ ಹಾಗೆ ನನಗೆ ನಗುವೂ ಬಂತು. ಬುದ್ಧಿ ಹೇಳುವುದೆಂದರೆ ಏನು ಹೇಳುವುದು? ಬೇರೆಯವರು ಮಾಡಿಟ್ಟ ಮದುವೆಯನ್ನು ಮುರಿದು ನಿನ್ನ ಇಷ್ಟದಂತೆ ಮಾಡಬಾರದು ಎಂದೆ? ನಮ್ಮ ಆದಿಕವಿ ಪಂಪ ಮಾಡಿದ್ದೇನು? 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ'ವನ್ನು ಬರೆಯುವಾಗ, ವ್ಯಾಸರು ಐವರಿಗೆ ಕೊಟ್ಟ ದ್ರೌಪದಿಯನ್ನು ಅವನು ಅರ್ಜುನನೊಬ್ಬನಿಗೇ ಕೊಟ್ಟ. ಅಷ್ಟು ಸಾಲದೆ, ಕಡೆಯಲ್ಲಿ ಅರ್ಜುನನಿಗೇ ಪಟ್ಟಾಭಿಷೇಕ ಮಾಡಿಸಿ, ಪಕ್ಕದಲ್ಲಿ ಸುಭದ್ರೆಯನ್ನು ಕೂರಿಸಿದ. ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಾಣಿಸಬೇಕಾಗಿದ್ದುದು ಅದಕ್ಕೆ ಕಾರಣ. ನಮ್ಮ ಹುಡುಗಿಗೆ ಒಡೆಯನ ಹಂಗು ಇಲ್ಲ, ಅಷ್ಟೇ ವ್ಯತ್ಯಾಸ. ಇನ್ನು ಅಹಲ್ಯೆ. ವಾಲ್ಮೀಕಿಯ ಬಾಲಕಾಂಡದಲ್ಲಿ ಅವಳು ಮುನಿವೇಷದಲ್ಲಿ ಬಂದವನು ಇಂದ್ರನೆಂದು ತಿಳಿದೇ, ಕುತೂಹಲದಿಂದ ಒಪ್ಪಿದಳೆಂದಿದೆ. ಅಲ್ಲಿ ಅವಳು ಕಲ್ಲಾಗುವುದೂ ಇಲ್ಲ. ಯಾರ ಕಣ್ಣಿಗೂ ಕಾಣದೆ, ಗಾಳಿಯನ್ನೇ ಆಹಾರವಾಗಿಸಿಕೊಂಡು ಬೂದಿಯಲ್ಲಿ ಮಲಗಿರುತ್ತಾಳೆ. ಅವಳನ್ನು ಕಲ್ಲು ಮಾಡಿದವರು, ಮೋಸಹೋದ ಮುಗ್ಧೆಯನ್ನಾಗಿ ಮಾಡಿದವರು ಬೇರೆ ಕಥನಕಾರರು. 1941ರಲ್ಲಿ ಪು. ತಿ. ನರಸಿಂಹಾಚಾರ್ಯರು ತಮ್ಮ ಗೀತನಾಟಕದಲ್ಲಿ ಅದೇ ಅಹಲ್ಯೆಯನ್ನು ಮತ್ತೆ ಎತ್ತಿಕೊಂಡು ಅವಳ ಒಳಗುದಿಗೆ ಕಿವಿಗೊಟ್ಟರು. ಒಬ್ಬಳೇ ಹೆಂಗಸು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಗೆ.

ಆದರೆ ಅಂದು ರಾತ್ರಿ ನನ್ನನ್ನು ಹಿಡಿದು ಕೂರಿಸಿದವಳು ಅಮೃತಮತಿ. ಜನ್ನನ 'ಯಶೋಧರ ಚರಿತೆ'ಯನ್ನು ಕಾಲೇಜಿನಲ್ಲಿ ಪಾಠವಾಗಿ ಓದಿದವರು ಹಲವರಿರಬಹುದು. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂದು ಬಿರುದು ಪಡೆದ ಜನ್ನ 1209ರಲ್ಲಿ ಅದನ್ನು ಮುಗಿಸಿದ. ಮುನ್ನೂರಕ್ಕೆ ತುಸು ಹೆಚ್ಚು ಪದ್ಯಗಳು, ಹೆಚ್ಚಿನವು ಕಂದಗಳು, ನಾಲ್ಕು ಅವತಾರಗಳು. ಕಥೆ ಅವನದಲ್ಲ. ಅವನಿಗಿಂತ ಮುಂಚೆ ಸೋಮದೇವಸೂರಿ 959ರಲ್ಲಿ ಸಂಸ್ಕೃತದಲ್ಲಿ 'ಯಶಸ್ತಿಲಕ ಚಂಪು'ವಾಗಿ ಅದನ್ನು ಹೇಳಿದ್ದ. ಪಂಪನಿಗೆ ಆಶ್ರಯ ಕೊಟ್ಟ ಚಾಲುಕ್ಯ ಮನೆತನದ ನಾಡಿನಲ್ಲಿಯೇ ಅದು ಮುಗಿದದ್ದು. ಹನ್ನೊಂದನೆಯ ಶತಮಾನದಲ್ಲಿ ವಾದಿರಾಜ ಸಂಸ್ಕೃತದಲ್ಲಿಯೇ ಮತ್ತೊಮ್ಮೆ ಚಿಕ್ಕದಾಗಿ ಹೇಳಿದ. ಜನ್ನನಿಗೆ ದಾರಿ ತೋರಿಸಿದವನು ಇವನು. ಅಂದಮೇಲೆ ಅಮೃತಮತಿ ಜನ್ನನ ಕೈಗೆ ಬರುವಾಗಲೇ ಹಲವರ ಮನೆ ತುಳಿದು ಬಂದವಳು. ಅವಳ ತಪ್ಪೂ ಹಳೆಯದು, ಶಿಕ್ಷೆಯೂ ಮೊದಲೇ ಗೊತ್ತಾದದ್ದು. ಉಜ್ಜಯಿನಿಯ ರಾಜ ಯಶೋಧರನ ಹೆಂಡತಿ. ಅರಮನೆಯ ಆನೆಯ ಮಾವುತ ಅಷ್ಟಾವಂಕನಿಗೆ ಒಲಿಯುತ್ತಾಳೆ. ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಕುಷ್ಠ ಹತ್ತಿ ನರಕಕ್ಕೆ ಹೋಗುತ್ತಾಳೆ. ಇದನ್ನು ಬದಲಾಯಿಸುವ ಸ್ವಾತಂತ್ರ್ಯ ಜನ್ನನಿಗಿರಲಿಲ್ಲ, ಅವನಿಗೆ ಬೇಕಾಗಿಯೂ ಇರಲಿಲ್ಲ.

ಹಾಗಾದರೆ ಅವನು ಮಾಡಿದ್ದೇನು? ರಾತ್ರಿಯ ಕೊನೆಯ ಜಾವ. ಗಂಡನ ತೋಳಿನಲ್ಲಿ ಮಲಗಿರುವ ರಾಣಿಗೆ ಎಚ್ಚರವಾಗಿದೆ. ಆನೆಯ ಲಾಯದ ಕಡೆಯಿಂದ ಒಂದು ಹಾಡು ತೇಲಿಬರುತ್ತದೆ. ಹಾಡುವವನು ಯಾರೆಂದು ಅವಳಿಗೆ ಗೊತ್ತಿಲ್ಲ, ಮುಖ ಕಂಡಿಲ್ಲ. ಹಾಡಿಗೆ ಬಹುಮಾನವೆಂದು ಮನಸ್ಸನ್ನೇ ಕೊಟ್ಟುಬಿಡುತ್ತಾಳೆ. ಬೆಳಗಾದ ಮೇಲೆ ನೋಡಿಬರಲು ಹೋದ ಕೆಲಸದವಳು ಅಸಹ್ಯಪಟ್ಟು ಹಿಂದಿರುಗಿ ಅವನ ರೂಪವನ್ನು ಅಂಗಾಂಗವಾಗಿ ಬಣ್ಣಿಸುತ್ತಾಳೆ. ಎಂಟು ಕಡೆ ಡೊಂಕಾದ ಮೈ, ಮೂಗು ಮುಚ್ಚಿಕೊಳ್ಳಬೇಕಾದ ನಾತ. ಅಮೃತಮತಿ ನಾಚುವುದೂ ಇಲ್ಲ, ಹಿಂಜರಿಯುವುದೂ ಇಲ್ಲ. ಒಲಿದ ಮೇಲೆ ರೂಪದ ಮಾತು ಎಲ್ಲಿಯದು ಎಂಬುದು ಅವಳ ಉತ್ತರ. ಈ ಕೆಲವೇ ಪದ್ಯಗಳಲ್ಲಿ ಜನ್ನ ಅವಳ ಪಕ್ಕದಲ್ಲಿ ಕುಳಿತಿದ್ದಾನೆ ಎಂದು ನನಗೆ ಯಾವಾಗಲೂ ತೋರುತ್ತದೆ. ಆಮೇಲೆ ಎದ್ದುಹೋಗುತ್ತಾನೆ, ಅದು ಬೇರೆ ಮಾತು.

ಆ ಒಲವಿನ ಬೆಲೆಯನ್ನು ಅವನು ಮುಚ್ಚಿಡುವುದೂ ಇಲ್ಲ. ಒಂದು ರಾತ್ರಿ ರಾಜ ಬಿಡದಿದ್ದುದರಿಂದ ಅವಳು ಹೋಗುವುದು ತಡವಾಗುತ್ತದೆ. ಮಾವುತ ಸಿಟ್ಟಿಗೆದ್ದು ರಾಣಿಯ ಕೂದಲು ಹಿಡಿದು ಎಳೆದು ಹೊಡೆಯುತ್ತಾನೆ. ಅವಳು ಅವನ ಕಾಲಿಗೆ ಬಿದ್ದು ತಪ್ಪಾಯಿತೆನ್ನುತ್ತಾಳೆ. ಅನುಮಾನದಿಂದ ಬೆನ್ನಹಿಂದೆಯೇ ಬಂದಿದ್ದ ಯಶೋಧರ ಇದೆಲ್ಲವನ್ನೂ ಕತ್ತಲೆಯಲ್ಲಿ ನಿಂತು ನೋಡುತ್ತಾನೆ. ಎತ್ತಿದ ಕತ್ತಿಯನ್ನು ತಡೆದುಕೊಂಡು ಹಿಂದಿರುಗಿ ಮಲಗುತ್ತಾನೆ. ಅವಳೂ ಬಂದು ಪಕ್ಕದಲ್ಲಿ ಮಲಗುತ್ತಾಳೆ. ಮರುದಿನ ಅವನು ವಿನೋದಕ್ಕೆಂಬಂತೆ ಒಂದು ನೆಯ್ದಿಲ ಹೂವಿನಿಂದ ಅವಳನ್ನು ಹೊಡೆದರೆ, ರಾತ್ರಿ ಅಷ್ಟು ಪೆಟ್ಟು ತಿಂದವಳು ಮೂರ್ಛೆ ಹೋಗುತ್ತಾಳೆ! ಗಂಡಹೆಂಡಿರ ನಡುವೆ ಸುಳ್ಳು ಹೇಗೆ ಬಾಳುತ್ತದೆ ಎಂಬುದನ್ನು ಇದಕ್ಕಿಂತ ಕಡಮೆ ಮಾತಿನಲ್ಲಿ ತೋರಿಸಿದ ಕವಿಯನ್ನು ನಾನು ಕಂಡಿಲ್ಲ.

ಮುಂದಿನದು ಧರ್ಮಕಥೆ. ನಡೆದುದನ್ನು ಹೇಳಲಾರದೆ ರಾಜ ತಾಯಿ ಚಂದ್ರಮತಿಗೆ ಕೆಟ್ಟ ಕನಸಾಯಿತೆಂದು ಹೇಳುತ್ತಾನೆ. ದೇವಿಗೆ ಪ್ರಾಣಿಬಲಿ ಕೊಡು ಎಂದು ತಾಯಿ, ಕೊಲ್ಲಲಾರೆನೆಂದು ಮಗ. ಕಡೆಗೆ ಹಿಟ್ಟಿನ ಹುಂಜವನ್ನು ಮಾಡಿ ಕಡಿಯುವುದೆಂದು ರಾಜಿಯಾಗುತ್ತದೆ. ಕಡಿದಾಗ ಹಿಟ್ಟಿನ ಹುಂಜ ಕೂಗುತ್ತದೆ. ಕೊಲ್ಲುವ ಸಂಕಲ್ಪವೂ ಕೊಲೆಯೇ ಎಂಬುದು ಜೈನರ ತೀರ್ಪು. ಆ ಪಾಪಕ್ಕಾಗಿ ತಾಯಿಮಕ್ಕಳು ನವಿಲು ನಾಯಿಗಳಿಂದ ಮೊದಲುಗೊಂಡು ಹಲವು ಪ್ರಾಣಿಜನ್ಮಗಳನ್ನೆತ್ತಿ, ಕಡೆಗೆ ಅಭಯರುಚಿ ಅಭಯಮತಿಗಳೆಂಬ ಅಣ್ಣತಂಗಿಯರಾಗಿ ಹುಟ್ಟಿ, ತಮ್ಮನ್ನು ಬಲಿಗೆ ಹಿಡಿತರಿಸಿದ ಮಾರಿದತ್ತ ರಾಜನಿಗೆ ಈ ಕಥೆಯನ್ನು ಹೇಳುತ್ತಾರೆ. ಕಾವ್ಯದ ಉದ್ದೇಶ ಅಹಿಂಸೆಯೇ ಹೊರತು ಮಾವುತನ ಹಾಡಲ್ಲ. ಇದು ಜೀವದಯಾಷ್ಟಮಿಯ ನೋಂಪಿಗೆ ಸೇರಿದ ಕಥೆ; ಅಂದರೆ ವ್ರತದ ದಿನ ಹೆಂಗಸರು ಮಕ್ಕಳು ಕೂತು ಕೇಳತಕ್ಕದ್ದು. ಇದನ್ನು ನೆನೆದಾಗ ನನಗೆ ಅಕ್ಕನ ಒಲೆಯ ಮಾತು ವಿಚಿತ್ರವಾಗಿ ಕಂಡಿತು. ಗಂಡನ ಮಗ್ಗುಲಿನಿಂದ ಎದ್ದು ಹೋಗುವ ರಾಣಿಯ ಕಥೆಯನ್ನು ಮನೆಮಂದಿಯೆಲ್ಲ ಭಕ್ತಿಯಿಂದ ಕೇಳಬಹುದು, ಕೊನೆಗೆ ನರಕವಿದ್ದರೆ. ನಮ್ಮ ಹುಡುಗಿಯ ನೋಟುಬುಕ್ಕಿನಲ್ಲಿ ನರಕವಿರಲಿಲ್ಲ, ತಕರಾರು ಅಲ್ಲಿಯದು.

ಮೂರನೆಯ ದಿನ ಸಂಜೆ ಜಗಲಿಯ ಮೇಲೆ ಹುಡುಗಿಯನ್ನು ಕೂರಿಸಿಕೊಂಡೆ. ಯಾರಾದರೂ ಇದ್ದಾನೆಯೇ ಎಂದು ಕೇಳಲಿಲ್ಲ. ಅದು ಕಥೆಯನ್ನು ಕುರಿತ ಪ್ರಶ್ನೆಯಲ್ಲ; ಕೇಳಬೇಕಾದರೆ ಇನ್ನೊಂದು ದಿನ ಬೇರೆಯಾಗಿ, ಅವಳ ಕಥೆಯನ್ನು ಸಾಕ್ಷಿಗೆ ಎಳೆಯದೆ ಕೇಳಬೇಕು. ನಾನು ಕೇಳಿದ್ದು ಇಷ್ಟು: "ಡ್ರೇಕೊ ಅವಳನ್ನು ಆ ಮಾತಿನಿಂದ ಬೈದಿದ್ದನಲ್ಲ, ಅದು ಎಲ್ಲಿ ಹೋಯಿತು?"

"ಕ್ಷಮೆ ಕೇಳುತ್ತಾನಲ್ಲ ಮಾವ. ಹದಿನೇಳನೆಯ ಪುಟದಲ್ಲಿದೆ."

"ಇದೆ, ನೋಡಿದೆ. ಅರ್ಧ ಪುಟ. ಹುಟ್ಟಿನ ಮೇಲೆ ಒಬ್ಬಳನ್ನು ಹೀನಳೆಂದು ಹಳಿದವನಿಗೆ ಅರ್ಧ ಪುಟ ಸಾಕೆ?"

ಅವಳು ಮಾತಾಡಲಿಲ್ಲ. ನಾನು ಅಮೃತಮತಿಯ ಕಥೆಯನ್ನು ಹೇಳಿದೆ. ಆ ಬೈಗುಳವನ್ನು ಮರೆಸಿ ಅವರಿಬ್ಬರನ್ನು ಕೂಡಿಸುವುದು ಸುಲಭ, ಮಾವುತನ ಪೆಟ್ಟನ್ನು ಜನ್ನ ಮರೆಸಲಿಲ್ಲ, ನೀನೂ ಮರೆಸಬೇಡ ಎಂದೆ. ಒಂದು ವಿಷಯದಲ್ಲಿ ನಾನು ಸ್ವಲ್ಪ ಹಳೆಯ ಕಾಲದವನು: ಮೂಲ ಲೇಖಕಿ ಕಷ್ಟಪಟ್ಟು ಕಟ್ಟಿದ ಗೋಡೆಯನ್ನು ಬಿಡಿಸುವುದಾದರೆ, ಅದು ಯಾಕೆ ನಿಂತಿತ್ತು ಎಂಬುದನ್ನು ಬಿಡಿಸುವವರು ಬಲ್ಲವರಾಗಿರಬೇಕು. ಕಾಯಿದೆಯ ಮಾತನ್ನೂ ಹೇಳಿದೆ. ಜನ್ನ ಯಾರ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ. ಈಗ ನಮ್ಮ ದೇಶದಲ್ಲಿ ಲೇಖಕರ ಹಕ್ಕು ಅವರ ಜೀವಮಾನವಲ್ಲದೆ ಅನಂತರ 60 ವರ್ಷ ಇರುತ್ತದೆ. ಈ ಹೆಸರುಗಳನ್ನಿಟ್ಟುಕೊಂಡು ಪುಸ್ತಕವಾಗಿ ಮಾರಲು ಹೊರಟರೆ ತೊಂದರೆಗೆ ಸಿಕ್ಕಬಹುದು. ಮಾರುವ ಯೋಚನೆ ಅವಳಿಗಿರಲಿಲ್ಲ. ಇಬ್ಬರು ಗೆಳತಿಯರು ಓದುತ್ತಾರಂತೆ, ಅಷ್ಟೇ.

ಸ್ವಲ್ಪ ಹೊತ್ತಿನ ಮೇಲೆ ಅವಳು, "ಅಮೃತಮತಿ ತಡವಾಗಿ ಹೋದ ಆ ರಾತ್ರಿ, ಹೊಡೆಸಿಕೊಂಡ ಮೇಲೆ, ಮತ್ತೆ ಅರಮನೆಗೆ ನಡೆದುಕೊಂಡು ಬರುವಾಗ ಏನು ಯೋಚಿಸಿದಳು ಮಾವ?" ಎಂದು ಕೇಳಿದಳು.

ಜನ್ನ ಆ ದಾರಿಯನ್ನು ರಾಜನ ಕಣ್ಣಿನಿಂದ ತೋರಿಸುತ್ತಾನೆ. ರಾಜ ಏನು ಯೋಚಿಸಿದ, ಕತ್ತಿಯನ್ನೇಕೆ ತಡೆದ, ಹೆಣ್ಣಿನ ವಿಚಾರದಲ್ಲಿ ಅವನ ಮನಸ್ಸು ಹೇಗೆ ಮುರಿಯಿತು, ಅದೆಲ್ಲ ಇದೆ. ಅವಳದು ನನ್ನ ನೆನಪಿಗೆ ಬರಲಿಲ್ಲ. ಹಾಗೆಂದೇ ಹೇಳಿದೆ.

"ಅಷ್ಟನ್ನೇ ಯಾರಾದರೂ ಬರೆಯಬೇಕಲ್ಲವೆ? ಫ್ಯಾನ್ ಫಿಕ್ಷನ್ ಅಂದರೆ ಅದೇ" ಎಂದಳು.

ಬರೆದವರಿದ್ದಾರೆ ಎಂದು ನಾನು ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ'ವನ್ನು ಕಪಾಟಿನಿಂದ ತೆಗೆದುಕೊಟ್ಟೆ. 1980ರ ನಾಟಕ, ಮುಂದೆ ಅವರೇ ಅದನ್ನು ಇಂಗ್ಲಿಷಿನಲ್ಲಿ 'ಬಲಿ' ಎಂಬ ಹೆಸರಿನಿಂದ ತಂದರು. ಜನ್ನನ ಜನ್ಮಾಂತರಗಳೆಲ್ಲವನ್ನೂ ಕಾರ್ನಾಡರು ಕೈಬಿಟ್ಟರು. ನಾಲ್ಕೇ ಪಾತ್ರಗಳು: ರಾಜ, ರಾಣಿ, ರಾಜಮಾತೆ, ಮಾವುತ. ಒಂದು ರಾತ್ರಿ, ಒಂದು ಪಾಳುಗುಡಿ. ರಾಣಿ ಜೈನಳು, ಅವಳಿಗಾಗಿ ರಾಜ ಜೈನನಾಗಿದ್ದಾನೆ, ತಾಯಿ ಬಲಿಯ ಪದ್ಧತಿಯನ್ನು ಬಿಟ್ಟವಳಲ್ಲ. ಇಲ್ಲಿಯ ರಾಣಿ ವಿಷವಿಕ್ಕುವವಳಲ್ಲ. ಹಾಡು ಕೇಳಿ ಹೋದದ್ದಕ್ಕೆ ಪಶ್ಚಾತ್ತಾಪಪಡು ಎಂದರೆ ಪಡಲೊಲ್ಲಳು. ಸೋಮದೇವನಿಂದ ಲೆಕ್ಕ ಹಾಕಿದರೂ ಸಾವಿರ ವರ್ಷ, ಗಂಡಸರೇ ಅವಳ ಕಥೆಯನ್ನು ಹೇಳಿದರು. ಅವಳಿಗೆ ತನ್ನ ಮಾತನ್ನು ಗಂಡನೆದುರು ನಿಂತು ಹೇಳುವ ಅವಕಾಶವನ್ನು ಕೊಟ್ಟವರೂ ಗಂಡಸರೇ ಆದರು. ನಾಟಕವಾಗಿ ನನಗೆ ಅದರಲ್ಲಿ ಜನ್ನನ ಹೂವಿನ ಪೆಟ್ಟಿನ ಸೂಕ್ಷ್ಮ ಕಾಣಲಿಲ್ಲ. ಮಾತು ಕೆಲವು ಕಡೆ ವಾದವಾಗುತ್ತದೆ. ಹುಡುಗಿಗೆ ಮಾತ್ರ ಬಹಳ ಹಿಡಿಸಿತು. ರಾತ್ರಿ ಹನ್ನೊಂದರವರೆಗೆ ದೀಪ ಉರಿಯುತ್ತಿತ್ತು.

ಅಕ್ಕನಿಗೆ ನಾನು ಏನು ಹೇಳಿದೆ ಎಂದು ವಾಚಕರು ಕೇಳಬಹುದು. ಮಗಳು ಕೆಟ್ಟಿಲ್ಲ, ಕಥೆ ಇನ್ನೂ ಎಳಸು, ಎರಡನ್ನೂ ಬೆರೆಸಬೇಡ ಎಂದೆ. ಜನ್ನ ಅಮೃತಮತಿಯನ್ನು ಬರೆದನೆಂದು ಯಾರೂ ಅವನ ಮನೆಯವರನ್ನು ಶಂಕಿಸಲಿಲ್ಲ ಎಂದೂ ಹೇಳಿದೆ. "ಅವನು ಗಂಡಸು" ಎಂದಳು ಅಕ್ಕ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಿಜಕ್ಕೂ, ಕೂಡಬಾರದವರ ಒಲವನ್ನು ಗಂಡಸು ಬರೆದರೆ ಕಾವ್ಯ, ಮದುವೆಯಾಗಬೇಕಾದ ಹುಡುಗಿ ಬರೆದರೆ ಅದು ಅವಳ ನಡತೆಯ ದಾಖಲೆ ಎಂಬ ಎಣಿಕೆ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಅಕ್ಕ ಅದನ್ನು ಸಮರ್ಥಿಸಲಿಲ್ಲ, ಇರುವುದನ್ನು ಹೇಳಿದಳು. ತಾನೂ ಮದುವೆಗೆ ಮೊದಲು ಒಂದೆರಡು ಕಥೆ ಬರೆದಿದ್ದಳಂತೆ. ನನಗೆ ಅದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಏನಾದವು ಎಂದು ಕೇಳಿದೆ. "ಏನಾಗುತ್ತವೆ" ಎಂದು ತರಕಾರಿ ಹೆಚ್ಚತೊಡಗಿದಳು.

ಹೊರಡುವ ದಿನ ಬೆಳಿಗ್ಗೆ ಯಶೋಧರ ಚರಿತೆಯ ಆ ಭಾಗವನ್ನು ಓದಿ ಅರ್ಥ ಹೇಳು ಎಂದು ಅಕ್ಕನೇ ಕೇಳಿದಳು. ಓದಿದೆ. ಹಾಡು ಕೇಳುವ ಕಡೆ ಬಂದಾಗ ಅವಳು ಕೈಯಲ್ಲಿದ್ದ ಹೂಬತ್ತಿಯನ್ನು ಹೊಸೆಯುವುದನ್ನು ನಿಲ್ಲಿಸಿ, "ಹಾಡು ಯಾವುದೋ ಹೇಳಿದ್ದಾನೆಯೆ?" ಎಂದಳು. ಹಾಡಿನ ಮಾತುಗಳನ್ನು ಜನ್ನ ಕೊಟ್ಟಿಲ್ಲ ಎಂದೆ. "ಅದನ್ನು ಹೇಳಬೇಕಾಗಿತ್ತು" ಎಂದು ಮತ್ತೆ ಬತ್ತಿ ಹೊಸೆದಳು.

ನೋಟುಬುಕ್ಕು ಮಗಳ ಕೈಗೆ ಹಿಂದಿರುಗಿತು. ಮೊನ್ನೆ ಹುಡುಗಿ ದೂರವಾಣಿಯಲ್ಲಿ ಮಾತಾಡುತ್ತ, ಹದಿನೇಳನೆಯ ಪುಟವನ್ನು ಹರಿದುಹಾಕಿ ಮತ್ತೆ ಬರೆಯುತ್ತಿರುವುದಾಗಿ ಹೇಳಿದಳು. ಈಗ ಕ್ಷಮೆ ಮೂರು ಅಧ್ಯಾಯವಾಗಿದೆಯಂತೆ, ಹರ್ಮಯೊನಿ ಇನ್ನೂ ಒಪ್ಪಿಲ್ಲವಂತೆ. ಮತ್ತೊಂದು ಸಂಗತಿಯನ್ನೂ ನಗುತ್ತ ಹೇಳಿದಳು. ಬರೆದಿಟ್ಟು ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ಯಾರೋ ಅದನ್ನು ಓದಿ, ಎರಡು ಕಡೆ ಪೆನ್ಸಿಲಿನಿಂದ ಒತ್ತಕ್ಷರ ತಿದ್ದಿದ್ದಾರೆ.